ದವಾಖಾನಿ ಚೀಲದ ನಾಲ್ಕು ಸೆಟ್ಟು

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಚಿಗವ್ವ ಯಾರ ಕಣ್ಣಿಗೂ ಬೀಳಬಾರದೆಂದು ಇಟ್ಟುಕೊಂಡಿದ್ದ ಆಸ್ಪತ್ರೆಯ ಕಾಗದಗಳನ್ನು ಕೋರ್ಟಿಗೆ ಮುಟ್ಟಿಸಿದ ಶಾಣ್ಯಾ ನಾನೇ. ಕದ್ದು ಕೊಡಲಿಲ್ಲ, ಸಿಟ್ಟಿಗೆ ಕೊಡಲಿಲ್ಲ. ಪ್ರೀತಿಯಿಂದ ಕೊಟ್ಟೆ. ಎರಡೂ ಬದಿ ಜೆರಾಕ್ಸ್ ತೆಗೆದು, ಪುಟಕ್ಕೆ ನಂಬರು ಹಾಕಿ, ಮೇಲೆ ಪ್ಲಾಸ್ಟಿಕ್ ಹೊದಿಕೆ ಹೊದಿಸಿ, ಸ್ಪೈರಲ್ ಬೈಂಡಿಂಗ್ ಮಾಡಿ, ನಾಲ್ಕು ಸೆಟ್ಟು ಕೊಟ್ಟೆ. ಒಂದು ಕೋರ್ಟಿಗೆ, ಒಂದು ವಿಮಾ ಕಂಪನಿಯ ವಕೀಲರಿಗೆ, ಒಂದು ಟೆಂಪೋ ಮಾಲೀಕನಿಗೆ, ಒಂದು ನಮಗೆ. ಅಷ್ಟು ಚೆಂದದ ಬೈಂಡಿಂಗ್ ನನ್ನ ಕೈಯಿಂದ ಅದಕ್ಕೂ ಮೊದಲು ಆಗಿರಲಿಲ್ಲ, ಆಮೇಲೂ ಆಗಿಲ್ಲ.

ನಾನು ನವಲಗುಂದದಲ್ಲಿ ಕೋರ್ಟಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಮುಂಜಾನೆ ಮೊರಬದಿಂದ ಬಸ್ಸು, ಸಂಜೆ ಮೊರಬಕ್ಕೆ ಬಸ್ಸು, ನಡುವೆ ದಿನವಿಡೀ ಮಂದಿಯ ಜಗಳಗಳ ಪ್ರತಿ ತೆಗೆಯುವುದು. ಕೈ ಮಷಿನ್ ಮೇಲಿದ್ದರೂ ಬಾಯಿ ಸುಮ್ಮನಿರುವುದಿಲ್ಲ. ಫೀ ಎಂದೊಡನೆ ಕಕ್ಷಿದಾರನ ಕಿವಿ ಹೇಗೆ ಕಿವುಡಾಗುತ್ತದೆ, ಚಿಲ್ಲರೆ ಕೇಳಿದರೆ ಕಂಡಕ್ಟರ್ ಹೇಗೆ ಮೇಲೆ ದೇವರ ಕಡೆ ನೋಡುತ್ತಾನೆ, ಇವನ್ನೆಲ್ಲ ಆಡಿ ತೋರಿಸದಿದ್ದರೆ ನನಗೆ ಉಂಡ ಅನ್ನ ಅರಗುವುದಿಲ್ಲ. ನನ್ನನ್ನೂ ಬಿಟ್ಟಿಲ್ಲ. ಹೆಣ್ಣು ನೋಡಲು ಹೋದಾಗ ನನ್ನ ಕೈಯಲ್ಲಿ ಚಹಾದ ಬಸಿ ನಡುಗಿ, ಹುಡುಗಿಯ ಅಪ್ಪ ಮೆಲ್ಲಗೆ ಬಸಿ ಇಸಿದುಕೊಂಡದ್ದನ್ನು ಊರಿಗೆಲ್ಲ ನಾನೇ ಆಡಿ ತೋರಿಸಿದ್ದೇನೆ. ಆ ಸಂಬಂಧ ಕೂಡಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಚಿಗವ್ವ ಅಂದರೆ ನಮ್ಮ ಕಾಕಾನ ಹೆಂಡತಿ. ಕಾಕಾ ತೀರಿಕೊಂಡ ಮೇಲೂ ನಮ್ಮ ಜೊತೆಗೇ ಇದ್ದಾಳೆ. ಅವಳು ರೊಟ್ಟಿ ಬಡಿಯುವುದನ್ನು ನೋಡಿದವರಿಗೆ ಅವಳ ಪರಿಚಯ ಬೇರೆ ಮಾಡಿಕೊಡಬೇಕಾಗಿಲ್ಲ. ಜೋಳದ ಹಿಟ್ಟಿನ ಉಂಡೆ ಅವಳ ಅಂಗೈ ಕೆಳಗೆ ತಾನೇ ತಿರುಗುತ್ತ ಅಗಲವಾಗುತ್ತಿತ್ತು, ಅಂಚು ಎಲ್ಲೂ ಸೀಳುತ್ತಿರಲಿಲ್ಲ. ಹಂಚಿನ ಮೇಲೆ ಒಣಗಿಸಿದ ಅವಳ ಕಡಕ್ ರೊಟ್ಟಿ ನವಲಗುಂದದ ಖಾನಾವಳಿಗಳಿಗೂ ಹೋಗುತ್ತಿತ್ತು, ಅಣ್ಣಿಗೇರಿಯ ಮದುವೆ ಮನೆಗಳಿಗೂ ಹೋಗುತ್ತಿತ್ತು. ಬಡಿಯುವ ಸಪ್ಪಳ ಕೇಳಿಯೇ ನಮ್ಮ ಓಣಿಯವರು ಇವತ್ತು ಅವಳ ಮನಸ್ಸು ಹೇಗಿದೆ ಎಂದು ಹೇಳುತ್ತಿದ್ದರು. ಆ ಸಪ್ಪಳವನ್ನು ನಾನು ತೊಡೆಯ ಮೇಲೆ ಬಾರಿಸಿ ತೋರಿಸಿದರೆ ಚಿಗವ್ವ, "ಲೇ, ನಿನ್ನ ರೊಟ್ಟಿ ಹರದೈತಿ," ಅನ್ನುತ್ತಿದ್ದಳು.

ಒಂದು ದಿನ ರೊಟ್ಟಿಯ ಬುಟ್ಟಿ ಹೊತ್ತು ಬಸ್ಸಿಗೆ ನಿಂತಿದ್ದಳು. ಹಿಂದಕ್ಕೆ ಸರಿಯುತ್ತಿದ್ದ ಗೂಡ್ಸ್ ಟೆಂಪೋ ಅವಳನ್ನು ಗೋಡೆಗೆ ಒತ್ತಿತು. ಬಲ ಮುಂಗೈ ಎರಡು ಕಡೆ ಮುರಿಯಿತು. ಹುಬ್ಬಳ್ಳಿಯಲ್ಲಿ ಒಳಗೆ ಉಕ್ಕಿನ ಪಟ್ಟಿ ಕೂಡಿಸಿ ಹೊಲಿದರು. ಎಲುಬು ಕೂಡಿತು, ಮುಂಗೈ ಮಾತ್ರ ತಿರುಗಲಿಲ್ಲ. ತಾಟಿನಿಂದ ತುತ್ತೆತ್ತಬಹುದು, ಸೀರೆಯ ನಿರಿಗೆ ಹಿಡಿಯಬಹುದು. ರೊಟ್ಟಿಗೆ ಅಂಗೈ ಚಪ್ಪಟೆಯಾಗಿ ಬೀಳಬೇಕು, ಅದು ಬೀಳುವುದಿಲ್ಲ. ಟೆಂಪೋ ನಮ್ಮೂರವರದೇ. ಮಾಲೀಕ ಆ ದಿನ ತಾನೇ ಅವಳನ್ನು ಎತ್ತಿ ಹುಬ್ಬಳ್ಳಿಗೆ ಒಯ್ದು, ಆಮೇಲೆ ನಮ್ಮಪ್ಪನ ಮುಂದೆ ಕೂತು, ಕೇಸು ಹಾಕಿರಿ, ಕೊಡುವುದು ವಿಮಾ ಕಂಪನಿ, ನಮ್ಮ ನಿಮ್ಮ ನಡುವೆ ಏನೂ ಇಲ್ಲ ಎಂದು ಹೇಳಿ ಹೋದ. ಹಾಗೆ ಪರಿಹಾರದ ಕೇಸು ಬಿತ್ತು.

ಕಂಪನಿಯ ವಕೀಲರು ಹಿರಿಯರು. ಅವರ ವಾದ ಇಷ್ಟು: ಈ ಹೆಣ್ಣುಮಗಳು ಮೂರು ಹೊತ್ತು ರೊಟ್ಟಿ ಬಡಿದವಳು, ಮುಂಗೈ ಮೊದಲೇ ಸವೆದಿರಬೇಕು, ಹಳೆಯ ಚಿಕಿತ್ಸೆಯ ದಾಖಲೆ ತೋರಿಸಲಿ. ನಮ್ಮ ಕಡೆಯ ವಕೀಲ ಮೇಡಂ ನನಗೆ ಹೇಳಿದ್ದು, ಕೈಗೆ ಸಂಬಂಧಪಟ್ಟ ಹಳೆಯ ಕಾಗದ ಇದ್ದರೆ ನೋಡಿ ತಾ ಎಂದು. ನೋಡಿ ಎಂಬುದನ್ನು ನಾನು ನೋಡಲಿಲ್ಲ.

ನಮ್ಮ ಮನೆಯಲ್ಲಿ ಒಂದು ಚೀಲವಿದೆ. ಯಾವುದೋ ಬಟ್ಟೆ ಅಂಗಡಿಯವರು ಕೊಟ್ಟ ಪ್ಲಾಸ್ಟಿಕ್ ಚೀಲ. ಗೂಟಕ್ಕೆ ನೇತುಹಾಕಿದ್ದೇವೆ, ದವಾಖಾನಿ ಚೀಲ ಎನ್ನುತ್ತೇವೆ. ಮನೆಯ ಯಾರಿಗೆ ಏನೇ ಆಗಲಿ, ಚೀಟಿ, ಎಕ್ಸರೇ, ರಕ್ತದ ರಿಪೋರ್ಟು ಎಲ್ಲ ಅದರೊಳಗೇ. ಆಸ್ಪತ್ರೆಯ ಕಾಗದ ಚೆಲ್ಲಿದರೆ ಬೇನೆ ತಿರುಗಿ ಮನೆ ಹುಡುಕಿಕೊಂಡು ಬರುತ್ತದೆ ಎಂದು ನಮ್ಮ ಅಮ್ಮ, ಅಂದರೆ ಅಪ್ಪನ ತಾಯಿ, ಹೇಳಿ ಸತ್ತಳು. ಆದ್ದರಿಂದ ಅಮ್ಮನ ಕಾಗದವೂ ಇನ್ನೂ ಅಲ್ಲೇ ಇದೆ. ಹುಬ್ಬಳ್ಳಿಯ ಡಾಕ್ಟರ ಮುಂದೆ ನಾವು ಇಡೀ ಚೀಲವನ್ನು ಮೇಜಿನ ಮೇಲೆ ಸುರುವುತ್ತೇವೆ. ಅವರು ತಮಗೆ ಬೇಕಾದದ್ದನ್ನು ಆರಿಸಿಕೊಳ್ಳುತ್ತಾರೆ. ಅದೇ ರೂಢಿಯ ಮೇಲೆ ನಾನು ಇಡೀ ಚೀಲವನ್ನು ಅಂಗಡಿಗೆ ಒಯ್ದು ಮಷಿನ್ನಿಗೆ ಹಾಕಿದೆ. ದಪ್ಪ ಫೈಲು ಕಂಡರೆ ಕೋರ್ಟಿನಲ್ಲಿ ಕುರ್ಚಿಗಳು ನೆಟ್ಟಗಾಗುವುದನ್ನು ದಿನಾ ನೋಡಿದವನು. ನಮ್ಮದೂ ದಪ್ಪಗಿರಲಿ ಎಂದು ಎಮ್ಮೆಯ ಹೊಟ್ಟೆಯುಬ್ಬರಕ್ಕೆ ದನದ ಡಾಕ್ಟರು ಬರೆದ ಚೀಟಿಯನ್ನೂ ಬಿಡಲಿಲ್ಲ. ಮೇಡಂ ಆ ದಿನ ಕುಂದಗೋಳದ ಕೋರ್ಟಿಗೆ ಹೋಗಿದ್ದರು. ಅವರ ಕೈಕೆಳಗಿನ ಎಳೆ ವಕೀಲ ನನ್ನ ಬೈಂಡಿಂಗಿನ ಮೇಲೆ ಕೈಯಾಡಿಸಿ, ಶಾಭಾಸ್ ಎಂದು, ಅದನ್ನು ಹಾಗೇ ಸಲ್ಲಿಸಿಬಿಟ್ಟ.

ಚಿಗವ್ವ ಸಾಕ್ಷಿ ಹೇಳುವ ದಿನ ಹತ್ತಿರ ಬಂತು. ಕಂಪನಿಯ ವಕೀಲರ ಪಾಟಿ ಸವಾಲಿಗೆ ಅವಳು ಹೆದರಬಾರದೆಂದು ಅಡುಗೆ ಮನೆಯಲ್ಲಿ ನಾನೇ ಅವರಾದೆ. ಅಜ್ಜನ ಕರಿ ಕೋಟು ತೊಟ್ಟೆ. ಅವರು ಚೂಪು ಪ್ರಶ್ನೆಗೆ ಮುಂಚೆ ಕನ್ನಡಕ ತೆಗೆದು ಒರೆಸುತ್ತಾರೆ, "ಅಂದಂಗ" ಎಂದು ಬೇರೆ ಊರಿನ ಸುದ್ದಿ ತೆಗೆದವರಂತೆ ಶುರು ಮಾಡುತ್ತಾರೆ. ಅದನ್ನೇ ಮಾಡಿದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಚಿಗವ್ವ ಎಡಗೈಯಿಂದ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತ ನನಗೆ ಉತ್ತರ ಕೊಡುತ್ತಿದ್ದಳು. ಕೈ ಮೊದಲೇ ನೋಯುತ್ತಿತ್ತಲ್ಲ ಎಂದರೆ, ಕೆಲಸ ಮಾಡಿದ ಕೈ ನೋಯತಾವ್ರಿ, ಮಾಡದ ಬಾಯಿ ನೋಯೂದಿಲ್ಲ ಎಂದಳು. ಅವ್ವ ನಕ್ಕಳು. ನನಗೆ ರಂಗೇರಿತು. ಕನ್ನಡಕ ಒರೆಸಿದೆ.

"ಅಂದಂಗ ಬಾಯಾರ, ನೀವು ಧಾರವಾಡಕ್ಕ ಹೋಗಿ ತೆಲಿ ತೋರಿಸ್ಕೊಂಡು ಬಂದೀರಂತಲ್ಲ, ಹೌದಿಲ್ಲೋ?"

ನಮ್ಮ ಕಡೆ ಯಾರಾದರೂ ತಲೆತಿರುಕ ಮಾತಾಡಿದರೆ ಧಾರವಾಡದ ಟಿಕೀಟು ತೆಗೆಸಬೇಕು ಎನ್ನುತ್ತೇವೆ. ಹುಚ್ಚಿನ ಔಷಧ ಅಲ್ಲಿ ಸಿಗುತ್ತದೆ ಎನ್ನುವುದೊಂದೇ ಅದರ ಹುರುಳು. ಆ ಜೋಕನ್ನು ನಾನು ಆ ಅಡುಗೆ ಮನೆಯಲ್ಲಿ ವರ್ಷಗಟ್ಟಲೆ ಹೇಳಿದ್ದೇನೆ, ಚಿಗವ್ವ ವರ್ಷಗಟ್ಟಲೆ ನಕ್ಕಿದ್ದಾಳೆ. ಅವತ್ತು ನಗಲಿಲ್ಲ. ಹಂಚಿನ ಮೇಲಿನ ರೊಟ್ಟಿ ಉಬ್ಬಿ, ಕರಿ ಚುಕ್ಕೆ ಬಿದ್ದು, ಹೊಗೆ ಏಳುವವರೆಗೂ ಅದನ್ನು ತಿರುವಲಿಲ್ಲ. ಅವ್ವನನ್ನು ಎಮ್ಮೆಗೆ ನೀರು ತೋರಿಸಲು ಕಳಿಸಿದಳು. ಆಮೇಲೆ ಕೇಳಿದಳು:

"ಲೇ, ಆ ಚೀಲದಾಗಿಂದು ಎಷ್ಟು ಕಾಗದ ಕೊಟ್ಟಿ?"

"ಎಲ್ಲಾ."

"ತಳದಾಗ ಹಳದಿ ಪಾಕೀಟಿನ್ಯಾಗ ಇದ್ದದ್ದು?"

ಹಳದಿ ಪಾಕೀಟು ನನಗೆ ಚೆನ್ನಾಗಿ ನೆನಪಿತ್ತು. ಅಂಟು ಹಚ್ಚಿ ಮುಚ್ಚಿದ್ದರು. ಕಾಗದ ಹರಿಯಬಾರದೆಂದು ಉಗಿ ಹಿಡಿದು ಬಿಡಿಸಿ, ಒಳಗಿನದನ್ನು ಓದದೆಯೇ ಮಷಿನ್ನಿಗೆ ಹಾಕಿದ್ದೆ. ಅಷ್ಟು ಜೋಪಾನ ನಾನು.

ಚಿಗವ್ವ ಒಲೆಯ ಕೊಳ್ಳಿ ಹಿಂದಕ್ಕೆಳೆದು ನೆಲಕ್ಕೆ ಕೂತು ಹೇಳಿದಳು. ಕಾಕಾ ಹೋದ ಮೇಲೆ ಅವಳಿಗೆ ನಿದ್ದೆ ಹೋಯಿತು. ಒಂದು ವಾರ ಎರಡು ವಾರದ ಮಾತಲ್ಲ. ಮಂದಿ ಆಡುವುದು ದೂರದ ರೇಡಿಯೋ ಹಾಗೆ ಕೇಳುತ್ತಿತ್ತಂತೆ. ಒಂದು ದಿನ ಅಂಗೈ ಹಂಚಿಗೆ ತಾಗಿ ಬೊಕ್ಕೆ ಎದ್ದದ್ದು ವಾಸನೆ ಬಂದ ಮೇಲೆ ಗೊತ್ತಾಯಿತಂತೆ. ಇದು ಅಳುವಿನಿಂದ ಹೋಗುವ ಬೇನೆಯಲ್ಲ ಎಂದು ತಿಳಿದುಕೊಂಡಳು. ಯಾರಿಗೂ ಹೇಳದೆ ರೊಟ್ಟಿಯ ಬುಟ್ಟಿ ಹೊತ್ತು ಧಾರವಾಡದ ಬಸ್ಸು ಹತ್ತಿದಳು. ಅಲ್ಲಿ ಮನಸ್ಸಿನ ಡಾಕ್ಟರ ಮುಂದೆ ಒಬ್ಬಳೇ ಪಾಳಿ ಹಚ್ಚಿದಳು. ಡಾಕ್ಟರು ಜೊತೆಗೆ ಯಾರು ಬಂದಿದ್ದಾರೆ ಎಂದು ಕೇಳಿದರೆ ಬುಟ್ಟಿ ತೋರಿಸಿದಳಂತೆ. ಗುಳಿಗೆ ಬಿಡುವವರೆಗೆ ಹಾಗೇ ಹೋಗಿ ಬಂದಳು. ಮನೆಯಲ್ಲಿ ಹೇಳಿದ್ದು ಧಾರವಾಡದಲ್ಲಿ ಹೊಸ ಗಿರಾಕಿ ಸಿಕ್ಕಿದ್ದಾರೆ ಎಂದು. ಅದು ಸುಳ್ಳೂ ಆಗಿರಲಿಲ್ಲ. ಬುಟ್ಟಿ ಯಾವತ್ತೂ ತುಂಬಿ ಹಿಂದೆ ಬರಲಿಲ್ಲ.

ನಮ್ಮ ಮನೆಯಲ್ಲಿ ನೆಗಡಿ ಬಂದರೂ ಇಬ್ಬರು ಜೊತೆಗೆ ಹೋಗುತ್ತಾರೆ. ಇವಳು ತನ್ನ ಬೇನೆಯನ್ನು ತಾನೇ ಗುರುತು ಹಿಡಿದು, ತಾನೇ ಊರು ಹುಡುಕಿ, ತಾನೇ ವಾಸಿ ಮಾಡಿಕೊಂಡು ಬಂದಿದ್ದಳು. ಕೇಳುತ್ತ ಕೇಳುತ್ತ ಅಜ್ಜನ ಕೋಟು ನನ್ನ ಮೈಮೇಲೆ ಭಾರವಾಗತೊಡಗಿತು. ತೆಗೆದಿಟ್ಟೆ. ಬೈಯಿ ಚಿಗವ್ವಾ ಎಂದೆ.

"ಬೈಯೂದೈತಿ. ಈಗ ಟೈಮಿಲ್ಲ," ಎಂದಳು. "ಕೈ ಹೋದ ಮ್ಯಾಲೆ ಉಳದದ್ದು ಹೆಸರೊಂದ. ಅದನ್ನ ಹೆಂಗ ಉಳಸ್ಕೋಬೇಕು ನೋಡೂಣು."

ಹೆಸರು ಅಂದರೆ ಏನೆಂದು ನನಗೆ ಗೊತ್ತಿತ್ತು. ಕೈ ಮುರಿದ ಮೇಲೂ ಅವಳು ಸುಮ್ಮನೆ ಕೂತಿರಲಿಲ್ಲ. ಓಣಿಯ ಹೆಣ್ಣುಮಕ್ಕಳಿಗೆ ಹಿಟ್ಟು ನಾದುವುದರಿಂದ ಹಿಡಿದು ಕಲಿಸಿ, ಅವರು ಬಡಿದ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ಪಾಸಾದದ್ದನ್ನು ಮಾತ್ರ ಕಳಿಸುತ್ತಿದ್ದಳು. ಖಾನಾವಳಿಯವರು ಈಗಲೂ ಅವಳ ರೊಟ್ಟಿ ಎಂದೇ ಕೊಳ್ಳುತ್ತಿದ್ದರು. ಆಕೆಗೆ ತಲೆ ಕೆಟ್ಟಿತ್ತಂತೆ ಎಂಬ ಒಂದು ಮಾತು ಸಾಕು. ಮದುವೆ ಮನೆಯವರು ಬೇರೆ ಕಡೆ ನೋಡುತ್ತಾರೆ. ಕೈನೋವೂ ಹುಚ್ಚಿನದೇ ಎಂದು ಕಂಪನಿಯವರು ಹೇಳಿಬಿಟ್ಟರೆ ಪರಿಹಾರವೂ ಹೋಯಿತು. ಕೋರ್ಟಿನಲ್ಲಿ ಆಡಿದ ಮಾತು ಮೊರಬಕ್ಕೆ ಬರಲು ಬಸ್ಸಿನ ದಾರಿ ಕಾಯುವುದಿಲ್ಲ.

ಮರುದಿನ ಮೇಡಂ ಪುಟ ತಿರುವುತ್ತ ಹೋದರು. ಎಮ್ಮೆಯ ಚೀಟಿಗೆ ಬಂದಾಗ ಕಣ್ಣೆತ್ತಿ ನನ್ನನ್ನು ನೋಡಿದರು, ಎಮ್ಮೆಯನ್ನು ನೋಡುವ ಹಾಗೆ. ಹಳದಿ ಪಾಕೀಟಿನ ಪುಟಗಳಿಗೆ ಬಂದಾಗ ಫೈಲು ಮುಚ್ಚಿ, ಚಿಗವ್ವನ ಕೈ ಹಿಡಿದು, ತಾನು ನೋಡದೆ ಸಲ್ಲಿಕೆಯಾದದ್ದು ತನ್ನದೂ ತಪ್ಪು ಎಂದರು. ದೊಡ್ಡ ವಕೀಲರು ಹಳ್ಳಿಯ ಹೆಣ್ಣುಮಗಳಿಗೆ ಹಾಗೆ ಹೇಳಿದ್ದನ್ನು ಅಷ್ಟು ವರ್ಷ ಕೋರ್ಟಿನ ಎದುರು ಕೂತ ನಾನು ಕೇಳಿರಲಿಲ್ಲ. ಮನಸ್ಸಿನ ಚಿಕಿತ್ಸೆಯ ಗುಟ್ಟು ಕಾಯಲು ಕಾನೂನಿದೆ, ಕೈಗೆ ಸಂಬಂಧವಿಲ್ಲದ ಪುಟಗಳನ್ನು ತಿರುಗಿ ಕೊಡಿ ಎಂದು ಅರ್ಜಿ ಹಾಕುತ್ತೇನೆ, ಆದರೆ ಎದುರಿನವರು ಓದಿಬಿಟ್ಟಿದ್ದರೆ ಅವರ ತಲೆಯಿಂದ ತೆಗೆಯಲಾಗುವುದಿಲ್ಲ ಎಂದೂ ಹೇಳಿದರು.

ಟೆಂಪೋ ಮಾಲೀಕನ ಸೆಟ್ಟು ಇಸಿದು ತರುವ ಕೆಲಸ ನನಗೆ ಬಿತ್ತು. ಊರೊಳಗೇ ಇರುವ ಪ್ರತಿ ಅದು, ನನಗೆ ಅದರದೇ ಹೆಚ್ಚು ಅಂಜಿಕೆ. ಹೋದಾಗ ಅವನು ಕಪಾಟಿನಿಂದ ತೆಗೆದುಕೊಟ್ಟ. ಕೊಡುವಾಗ ಸೆಟ್ಟಿನ ಸುತ್ತ ನಾನು ಕಟ್ಟಿದ್ದ ದಾರ ಹಾಗೇ ಇತ್ತು, ಗಂಟು ಸಹಿತ.

"ಹೆಣ್ಣಮಕ್ಕಳ ದವಾಖಾನಿ ಕಾಗದ ನೀ ಯಾಕ ಬಿಚ್ಚತೀ ಅಂತ ನಮ್ಮ ಅಮ್ಮೀಜಾನ್ ಕೈಗೆ ಹೊಡದಳಪಾ," ಎಂದ. "ನಮ್ಮ ವಕೀಲನೂ ಇದನ್ನ ಕೇಳಿದ. ಕೊಡೂದಿಲ್ಲ ಅಂದೆ."

ಒಳಗಿನಿಂದ ಅವನ ತಾಯಿ ಅಕ್ಕನ ಕೈ ಹೆಂಗೈತಿ ಎಂದು ಕೇಳಿದರು. ಆರಾಮ ಅಂದೆ. ಚಹಾ ಕುಡಿದು ಹೋಗು ಎಂದರು. ಕುಡಿದು, ಸೆಟ್ಟು ಕಂಕುಳಲ್ಲಿ ಇಟ್ಟುಕೊಂಡು ಬಂದೆ.

ಕಂಪನಿಯ ವಕೀಲರು ಮಾತ್ರ ಓದಿದ್ದರು. ಒಂದು ದಿನ ಕೋರ್ಟಿನ ಪಡಸಾಲೆಯಲ್ಲಿ ಚಿಗವ್ವನ ಹತ್ತಿರ ಬಂದು, ತಂಗೆವ್ವಾ ಎಂದೇ ಕರೆದು, ಬಹಳ ಮೆತ್ತಗೆ ಹೇಳಿದರು. ಕಂಪನಿ ಕೊಟ್ಟಷ್ಟನ್ನು ತೆಗೆದುಕೊಂಡು ಮುಗಿಸಿದರೆ ಆ ಪುಟಗಳನ್ನು ಯಾರೂ ತೆರೆಯಬೇಕಾಗುವುದಿಲ್ಲ, ಮರ್ಯಾದೆಯ ಮನೆತನ ನಿಮ್ಮದು ಎಂದರು. ಹೆದರಿಸಿದ ಹಾಗಿರಲಿಲ್ಲ, ಅಣ್ಣ ಬುದ್ಧಿ ಹೇಳಿದ ಹಾಗಿತ್ತು. ನನಗೆ ಸರಿ ಎನ್ನಿಸಿತು. ಬಸ್ಸಿನಲ್ಲಿ, ತಗೊಂಡುಬಿಡು ಚಿಗವ್ವಾ ಎಂದೆ. ಅವಳು ಶೇಂಗಾ ಬಿಡಿಸಿ ತಿನ್ನುತ್ತ, ಮೊರಬದವರೆಗೂ ಸಿಪ್ಪೆಯನ್ನು ನನ್ನ ಅಂಗೈಯಲ್ಲಿ ಹಾಕಿದಳು.

ಸಾಕ್ಷಿಯ ದಿನ ಕೋರ್ಟು ತುಂಬಿತ್ತು. ಹೊಲದ ಪಾಲಿನ ಕೇಸಿಗೆಂದು ನಮ್ಮೂರ ಎರಡು ಮನೆತನದವರು ಬಂದಿದ್ದರು, ತಿರ್ಲಾಪುರದವರೂ ಇದ್ದರು. ಚಿಗವ್ವ ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಸಾಕ್ಷಿ ಕಟ್ಟೆಗೆ ಹೋದಳು. ಮುರಿದ ಕೈಯನ್ನು ಕಟಕಟೆಯ ಮೇಲೆ ಇಡಲಿಲ್ಲ. ನೋಡಿರಿ ಎಂದು ತೋರಿಸುವುದು ಅವಳಿಗೆ ಸೇರುವುದಿಲ್ಲ.

ಕಂಪನಿಯ ವಕೀಲರು ನನ್ನ ಬೈಂಡಿಂಗನ್ನು ತೆರೆದರು. ಮೊದಲು ಒಂದು ಚೀಟಿ ಹಿಡಿದು, ಅಪಘಾತಕ್ಕೂ ಮೊದಲೇ ನಿಮಗೆ ಕೂಡ್ರಲು ತ್ರಾಸವಿತ್ತು, ಕೂಡ್ರಲಾಗದವರು ರೊಟ್ಟಿ ಹೇಗೆ ಬಡಿಯುತ್ತಿದ್ದಿರಿ ಎಂದು ಕೇಳಿದರು. ಚಿಗವ್ವ ಬೆಪ್ಪಾದಳು. ಮೂಲವ್ಯಾಧಿಯ ಚೀಟಿ ಅದು. ಹೆಸರಿನ ಮಸಿ ಅಳಿಸಿ ಮನೆತನದ ಅಡ್ಡಹೆಸರಷ್ಟೇ ಜೆರಾಕ್ಸಿನಲ್ಲಿ ಮೂಡಿತ್ತು. ಹಿಂದಿನ ಬೆಂಚಿನಲ್ಲಿ ನನ್ನ ಕಿವಿ ಕಾದವು. ಸುಮ್ಮನಿದ್ದರೆ ಅವಳ ಪಾಲಿಗೆ ಬೀಳುತ್ತದೆ. ಎದ್ದು ನಿಂತೆ.

"ಸಾಹೇಬ್ರ, ಅದು ನಂದ್ರಿ."

ನ್ಯಾಯಾಧೀಶರು ತಲೆಯೆತ್ತಿದರು. "ಯಾವುದು ನಿಂದು?"

"ಆ ಬ್ಯಾನಿರಿ."

ಹೊಲದ ಪಾಲಿಗೆ ಬಂದಿದ್ದ ಎರಡೂ ಮನೆತನದವರು ಅಷ್ಟು ವರ್ಷಗಳಲ್ಲಿ ಮೊದಲ ಸಲ ಒಟ್ಟಿಗೆ ನಕ್ಕರು. ನ್ಯಾಯಾಧೀಶರ ಮುಖ ಒಂದಿಷ್ಟೂ ಬದಲಾಗಲಿಲ್ಲ. ನಡುವೆ ಎದ್ದು ಮಾತಾಡಬಾರದು, ಕೂತುಕೋ, ಈಗ ಕೂಡ್ರಲು ಬರುತ್ತದಲ್ಲ ಎಂದರು. ಬರುತ್ತದೆ ಎಂದು ಕೂತೆ. ಮಂದಿ ನೋಡುತ್ತಿರುವಾಗ ನಮ್ಮ ಆಸ್ಪತ್ರೆಯ ಚೀಟಿಯನ್ನು ಬೇರೊಬ್ಬರು ಓದಿದರೆ ಹೇಗಾಗುತ್ತದೆ ಎಂದು ಅವತ್ತು ತಿಳಿಯಿತು. ನನ್ನದು ನಗುವ ಬೇನೆ. ಅವಳದು ಹಾಗಲ್ಲ.

ವಕೀಲರು ಕನ್ನಡಕ ತೆಗೆದು ಒರೆಸಿದರು. "ಅಂದಂಗ" ಎಂದರು. ಮೇಡಂ ಆ ಕ್ಷಣಕ್ಕೇ ಎದ್ದು, ಮುಂಗೈಯ ಕೇಸಿಗೂ ಆ ಪುಟಗಳಿಗೂ ಸಂಬಂಧವಿಲ್ಲ, ಅವು ಗುಟ್ಟಾಗಿರಬೇಕಾದ ಕಾಗದ, ನಮ್ಮ ಅರ್ಜಿ ಇನ್ನೂ ತೀರ್ಮಾನವಾಗಿಲ್ಲ ಎಂದು ತಡೆದರು. ಎದುರಿನವರು, ಈಕೆ ಹೇಳುವ ನೋವು ಕೈಯದೋ ಮನಸ್ಸಿನದೋ ತಿಳಿಯಬೇಕಲ್ಲ ಎಂದರು. ನ್ಯಾಯಾಧೀಶರು ಆ ಪುಟಗಳನ್ನು ತಾವೊಬ್ಬರೇ ಓದಿದರು, ಗಟ್ಟಿಯಾಗಿ ಏನನ್ನೂ ಹೇಳಲಿಲ್ಲ. ಆಮೇಲೆ ಚಿಗವ್ವನ ಕಡೆ ತಿರುಗಿ, ತಾಯೀ, ಈ ಪ್ರಶ್ನೆಗೆ ನೀವು ಉತ್ತರ ಕೊಡಲೇಬೇಕೆಂದಿಲ್ಲ, ಕೊಡುವುದಾದರೆ ಮಂದಿಯನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿಸುತ್ತೇನೆ ಎಂದರು. ಆ ಮಾತಿನ ಮೆದುತನವನ್ನು ನಾನು ಮರೆತಿಲ್ಲ.

ಚಿಗವ್ವ ಕೋರ್ಟಿನ ತುಂಬ ಒಮ್ಮೆ ಕಣ್ಣಾಡಿಸಿದಳು. ಬಾಗಿಲು ಹಾಕಿದರೆ ಒಳಗೆ ಏನಿತ್ತೆಂದು ಹೊರಗಿನವರು ತಮಗೆ ಬೇಕಾದ ಹಾಗೆ ಕತೆ ಹೊಲಿಯುತ್ತಾರೆ ಎಂಬ ಲೆಕ್ಕ ಅವಳದು. ಅದನ್ನು ನನಗೆ ಆಮೇಲೆ ಹೇಳಿದಳು. ಆಗ ಹೇಳಿದ್ದು, ಕುಂತವರು ಕುಂದರಲಿ ಬಿಡ್ರಿ ಸಾಹೇಬ್ರ, ಕೇಳಲಿ ಎಂದಷ್ಟೆ. ವಕೀಲರು ಕೇಳಿದರು, ನೀವು ಧಾರವಾಡದಲ್ಲಿ ಮನಸ್ಸಿನ ಡಾಕ್ಟರ ಹತ್ತಿರ ಚಿಕಿತ್ಸೆ ಪಡೆದದ್ದು ಹೌದೋ ಅಲ್ಲವೋ ಎಂದು.

ಅವಳ ಉತ್ತರವಾದ ಮೇಲೆ ಆ ವಕೀಲರು ಫೈಲು ಮುಚ್ಚಿ, ಪಾಟಿ ಸವಾಲು ಮುಗಿಯಿತು ಎಂದು ಕೂತರು. ಆ ಪುಟಗಳು ತಿರುಗಿ ನಮ್ಮ ಕೈಗೆ ಬಂದವು, ಪರಿಹಾರ ಕೊಡಿಸಿದ ತೀರ್ಪಿನಲ್ಲಿ ಬರೀ ಮುಂಗೈಯ ಮಾತಿತ್ತು. ರೊಟ್ಟಿಯ ಬುಟ್ಟಿ ಎಂದಿನಂತೆ ಖಾಲಿಯಾಗಿ ಬರುತ್ತದೆ. ಓಣಿಯ ಇಬ್ಬರು ಹೆಣ್ಣುಮಕ್ಕಳು ಆ ಡಾಕ್ಟರ ವಿಳಾಸವನ್ನು ಅವಳಿಂದ ಗುಟ್ಟಾಗಿ ಕೇಳಿ ಪಡೆದಿದ್ದಾರೆ. ಯಾರೆಂದು ಅವಳು ನನಗೆ ಹೇಳಿಲ್ಲ, ಹೇಳುವುದೂ ಇಲ್ಲ. ಅವಳು ಅವತ್ತು ಉತ್ತರ ಕೊಟ್ಟ ದನಿಯನ್ನು ಆಡಿ ತೋರಿಸಲು ನಾನು ಎಷ್ಟೋ ಸಲ ನೋಡಿದ್ದೇನೆ, ನನ್ನ ಗಂಟಲಿಗೆ ಅದು ಕೂಡುವುದಿಲ್ಲ. ಮಾತಷ್ಟೇ ಬರೆದಿಡುತ್ತೇನೆ. ಸೆರಗು ಸರಿಮಾಡಿಕೊಂಡು, ವಕೀಲರನ್ನೇ ನೋಡುತ್ತ ಹೇಳಿದಳು:

"ಹೌದ್ರಿ, ತಗೊಂಡೀನಿ. ಆವಾಗ ಕೆಟ್ಟದ್ದು ನಿದ್ದಿರಿ, ಈಗ ಮುರದದ್ದು ಮುಂಗೈ. ನಿದ್ದಿ ಗುಳಿಗೀಲೆ ತಿರುಗಿ ಬಂತು. ಮುಂಗೈಗೆ ಅಂಥಾ ಗುಳಿಗಿ ಇದ್ರ ಹೇಳ್ರಿ, ನುಂಗಿ, ನಿಮಗ ನಾಕು ರೊಟ್ಟಿ ಬಡದು ಕೊಟ್ಟು, ಕೇಸ್ ಇವತ್ತ ಬಿಡ್ತೀನಿ."